ಶ್ವಾಸಕೋಶದಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾದ ಜಾಡು ಹಿಡಿಯುವುದು ಹೇಗೆ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ವರ್ಷಕ್ಕೆ ಮೂರ್ನಾಲ್ಕು ಸಲ ಶಿವಮೊಗ್ಗದ ನಮ್ಮ ಲ್ಯಾಬಿಗೆ ಕಫದ ಡಬ್ಬಿ ತರುತ್ತಾರೆ. ಬಹಳ ಹಿಂದೆ ಅವರಿಗೆ ಟಿಬಿ ಆಗಿತ್ತು. ಅದು ವಾಸಿಯಾಯಿತು, ಆದರೆ ಶ್ವಾಸನಾಳಗಳು ಹಿಗ್ಗಿ ಹಾಗೇ ಉಳಿದವು. ಡಾಕ್ಟರುಗಳು ಇದನ್ನು ಬ್ರಾಂಕಿಯೆಕ್ಟೇಸಿಸ್ ಅನ್ನುತ್ತಾರೆ. ಹಿಗ್ಗಿದ ನಾಳದಲ್ಲಿ ಕಫ ನಿಲ್ಲುತ್ತದೆ. ನಿಂತ ಕಫದಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಆರಿದ್ರಾ ಮಳೆ ಹಿಡಿದರೆ ಅವರಿಗೆ ಕೆಮ್ಮು ಜಾಸ್ತಿ, ಅಡಿಕೆ ಬೇಯಿಸುವ ಒಲೆಯ ಹೊಗೆಗೆ ಇನ್ನೂ ಜಾಸ್ತಿ. ಪ್ರತಿ ಸಲವೂ ರಿಪೋರ್ಟಿನಲ್ಲಿ ಬರುವುದು ಒಂದೇ ಹೆಸರು, ಸ್ಯೂಡೋಮೊನಾಸ್ ಎರುಜಿನೋಸಾ. ಹೋದ ಮಳೆಗಾಲದಲ್ಲಿ ಅವರ ಹೆಂಡತಿ ಕೇಳಿದರು: "ಇದು ಹೋದ ಸಲದ್ದೇ ಉಳ್ಕೊಂಡಿದ್ದಾ ಮೇಡಂ, ಇಲ್ಲಾ ಹೊಸದಾಗಿ ಎಲ್ಲಿಂದಲೋ ಬಂದಿದ್ದಾ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಯಾವ ಸೆಮಿನಾರಿನಲ್ಲೂ ಕೇಳಿಲ್ಲ. ಹಳೆಯದೇ ಆಗಿದ್ದರೆ ಔಷಧಿ ಅದನ್ನು ಪೂರ್ತಿ ತೆಗೆಯುತ್ತಿಲ್ಲ ಎಂದರ್ಥ. ಹೊಸದಾಗಿದ್ದರೆ ಮನೆಯ ನೆಬ್ಯುಲೈಸರ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ), ನೀರು, ಆಸ್ಪತ್ರೆಯ ಸಿಂಕು ಎಲ್ಲವನ್ನೂ ನೋಡಬೇಕು. ಬ್ಯಾಕ್ಟೀರಿಯಾ ಬೆಳೆಸಿ ಕೊಡುವ ಮಾಮೂಲಿ ಕಲ್ಚರ್ ರಿಪೋರ್ಟ್ ಬರೀ ಹೆಸರು ಹೇಳುತ್ತದೆ. ಒಂದೇ ಹೆಸರಿನವರು ಊರಿಗೆ ಹತ್ತು ಜನ ಇರುತ್ತಾರೆ ಅಲ್ವಾ? ಯಾರು ಯಾರ ಮನೆಯವರು ಅಂತ ತಿಳಿಯಬೇಕಾದರೆ ಡಿಎನ್‌ಎ ಓದಬೇಕು.

ಮೈಕ್ರೋಬಯಾಲಜಿ ಓದುತ್ತಿರುವವರಿಗೆ, ಜಿಲ್ಲಾ ಮಟ್ಟದ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ಡಿಎನ್‌ಎ ಓದುವ ಸೀಕ್ವೆನ್ಸಿಂಗ್ ಯಂತ್ರ ನಿಮ್ಮಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ. ಕೆಲಸ ಕೆಡುವುದು ಹೆಚ್ಚಾಗಿ ಯಂತ್ರದ ಹತ್ತಿರ ಅಲ್ಲ, ಅದಕ್ಕೂ ಮೊದಲು: ಕಫದ ಡಬ್ಬಿ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟು, ಫ್ರೀಜರಿನ ಹತ್ತಿರ.

ಪ್ರಶ್ನೆ ಮೊದಲು, ಸ್ಯಾಂಪಲ್ ಆಮೇಲೆ

ಒಂದು ಹಾಳೆ ತೆಗೆದುಕೊಂಡು ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಈ ರೋಗಿಯ ಎದೆಯಲ್ಲಿರುವುದು ಹಳೆಯದೋ ಹೊಸದೋ?" ಅನ್ನುವುದಾದರೆ ಒಬ್ಬರಿಂದಲೇ ತಿಂಗಳುಗಟ್ಟಲೆ ಕಫ ಸಂಗ್ರಹಿಸಬೇಕು. "ಒಬ್ಬರಿಂದ ಒಬ್ಬರಿಗೆ ಹರಡುತ್ತಿದೆಯಾ?" ಅನ್ನುವುದಾದರೆ ಒಂದೇ ವಾರ್ಡಿನ ಹಲವು ರೋಗಿಗಳು ಬೇಕು, ಜೊತೆಗೆ ಅವರಿಗೆ ಸಂಬಂಧವೇ ಇಲ್ಲದ ಕೆಲವು ರೋಗಿಗಳೂ ಬೇಕು. ಆ ಎರಡನೇ ಗುಂಪು ಇಲ್ಲದಿದ್ದರೆ ನಮ್ಮ ಸೀಮೆಯಲ್ಲಿ ಎಲ್ಲೆಡೆ ಇರುವ ತಳಿಯನ್ನೇ ವಾರ್ಡಿನ ಸೋಂಕು ಅಂದುಕೊಂಡು ಗಾಬರಿಯಾಗುತ್ತೀರಿ. "ಮೂಲ ಎಲ್ಲಿ?" ಅನ್ನುವುದಾದರೆ ಸಿಂಕಿನ ಜಾಲರಿ, ಆಕ್ಸಿಜನ್ ಹ್ಯುಮಿಡಿಫೈಯರ್ ಬಾಟಲಿ, ನೆಬ್ಯುಲೈಸರ್ ಕಪ್ಪು, ಬಚ್ಚಲು, ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು, ಎಲ್ಲದರಿಂದಲೂ ಸ್ಯಾಂಪಲ್ ಬೇಕು. ಸ್ಯೂಡೋಮೊನಾಸ್ ಒದ್ದೆ ಇರುವಲ್ಲೆಲ್ಲ ಬದುಕುತ್ತದೆ, ಮಲೆನಾಡಿನಲ್ಲಿ ಒದ್ದೆಗೇನು ಬರವಿಲ್ಲ.

ಈ ಪ್ರಶ್ನೆಗಳಿಗೆ ಬೆಲೆ ಇದೆ ಎಂದು ತೋರಿಸಿದ್ದು ಇಂಗ್ಲೆಂಡಿನ ಲಿವರ್‌ಪೂಲ್. ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಕಫ ಗಟ್ಟಿಯಾಗಿ ನಿಲ್ಲುವ ಹುಟ್ಟು ಕಾಯಿಲೆ) ಇರುವ ಮಕ್ಕಳು ತಮ್ಮ ತಮ್ಮ ಪರಿಸರದಿಂದ ಬೇರೆ ಬೇರೆ ತಳಿ ಹತ್ತಿಸಿಕೊಳ್ಳುತ್ತಾರೆ ಎಂದೇ ಎಲ್ಲರೂ ನಂಬಿದ್ದರು. 1996ರಲ್ಲಿ ಅಲ್ಲಿನ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ಹಲವು ಮಕ್ಕಳಿಗೆ ಒಂದೇ ತಳಿ ಇರುವುದು ಗೊತ್ತಾಯಿತು. ಇಂಥ ಪತ್ತೆಗಳಾದ ಮೇಲೆ ಆ ರೋಗಿಗಳನ್ನು ಒಟ್ಟಿಗೆ ಕೂರಿಸದೆ ಬೇರೆ ಬೇರೆಯಾಗಿ ನೋಡುವ ಪದ್ಧತಿ ಗಟ್ಟಿಯಾಯಿತು.

ಒಪ್ಪಿಗೆ, ಮತ್ತು ಊರ ಹೆಸರಿನ ಅಪಾಯ

ಚಿಕಿತ್ಸೆಗಾಗಿ ಕೊಟ್ಟ ಕಫದಲ್ಲಿ ಸಂಶೋಧನೆ ಮಾಡಬೇಕಾದರೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಓದಿಕೊಳ್ಳಿ. ಒಪ್ಪಿಗೆ ಪತ್ರವನ್ನು ರೋಗಿ ಮಾತಾಡುವ ಕನ್ನಡದಲ್ಲೇ ಬರೆಯಿರಿ. "ನಿಮ್ಮ ಕಫದಲ್ಲಿರುವ ಬ್ಯಾಕ್ಟೀರಿಯಾದ ಜೀನ್ ಓದುತ್ತೇವೆ. ನಿಮ್ಮ ಜೀನ್ ಓದುವುದಿಲ್ಲ. ಬೇಡ ಅಂದರೂ ನಿಮ್ಮ ಚಿಕಿತ್ಸೆಗೆ ಏನೂ ಕಡಿಮೆಯಾಗುವುದಿಲ್ಲ." ಇಷ್ಟು ಸರಳವಾಗಿ ಬರೆದರೆ ಜನ ಪ್ರಶ್ನೆ ಕೇಳುತ್ತಾರೆ. ಕೇಳಲಿ.

ಹೆಸರಿನ ಬದಲು ಕೋಡ್ ಕೊಡುವುದು ಎಲ್ಲರಿಗೂ ಗೊತ್ತು. ಮಲೆನಾಡಿನಲ್ಲಿ ಅಷ್ಟು ಸಾಲದು. ಇಲ್ಲಿ ತೋಟಕ್ಕೊಂದು ಒಂಟಿ ಮನೆ, ನಾಲ್ಕೈದು ಮನೆಗೆ ಒಂದು ಊರು. ಊರಿನ ಹೆಸರು, ವಯಸ್ಸು, "ಟಿಬಿ ಆಗಿತ್ತು" ಅನ್ನುವ ಮೂರು ವಿಷಯ ಸಿಕ್ಕರೆ ಸಾಕು, ಯಾರು ಅಂತ ಹೊಸನಗರದ ಬಸ್ಸಿನಲ್ಲಿ ಕೂತವರೂ ಹೇಳುತ್ತಾರೆ. ಹಾಗಾಗಿ ಹೊರಗೆ ಹೋಗುವ ದಾಖಲೆಯಲ್ಲಿ ತಾಲ್ಲೂಕು, ಹತ್ತು ವರ್ಷದ ಅಂತರದ ವಯಸ್ಸಿನ ಗುಂಪು, ತಿಂಗಳು ಮತ್ತು ವರ್ಷ ಮಾತ್ರ ಇರಲಿ. ಪೂರ್ತಿ ವಿವರದ ಪುಸ್ತಕ ಬೀಗ ಹಾಕಿದ ಬೀರುವಿನಲ್ಲಿರಲಿ.

ಕಫ ತೆಗೆಯುವುದು

ಬೆಳಿಗ್ಗೆ ಎದ್ದ ಕೂಡಲೇ, ನೀರಿನಲ್ಲಿ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಎಂಜಲು ಬೇಡ. ಬಂದ ಸ್ಯಾಂಪಲ್ಲನ್ನು ಮೊದಲು ಗ್ರಾಂ ಬಣ್ಣ ಹಾಕಿ ನೋಡಿ. ಸಣ್ಣ ಲೆನ್ಸಿನ ಒಂದು ನೋಟಕ್ಕೆ ಬಾಯಿಯ ಚಪ್ಪಟೆ ಕೋಶ 10ಕ್ಕಿಂತ ಕಡಿಮೆ, ಕೀವಿನ ಕೋಶ 25ಕ್ಕಿಂತ ಜಾಸ್ತಿ ಇದ್ದರೆ ಅದು ಒಳ್ಳೆಯ ಕಫ. ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಸಾಗರದಿಂದಲೋ ಸೊರಬದಿಂದಲೋ ಬಸ್ಸಿನಲ್ಲಿ ಬರುವುದಾದರೆ ಅಷ್ಟರೊಳಗೆ ಆಗುವುದಿಲ್ಲ. ಐಸ್ ಪ್ಯಾಕ್ ಇಟ್ಟ ಡಬ್ಬದಲ್ಲಿ 2ರಿಂದ 8 ಡಿಗ್ರಿಯಲ್ಲಿ ತರಿಸಿ, 24 ಗಂಟೆ ಮೀರಿಸಬೇಡಿ. ಡಬ್ಬಿಯ ಮೇಲೆ ಇಂಕಿನಲ್ಲಿ ಬರೆದರೆ ಮಳೆಗಾಲದಲ್ಲಿ ಅಳಿಸಿಹೋಗುತ್ತದೆ, ಪೆನ್ಸಿಲ್ಲಿನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪ್ ಅಂಟಿಸಿ.

ಎರಡು ವಾರ ಮೀರಿದ ಕೆಮ್ಮು ಅಂದರೆ ನಮ್ಮ ದೇಶದಲ್ಲಿ ಮೊದಲು ಟಿಬಿ ಪರೀಕ್ಷೆ. ಅದನ್ನು ಬಿಟ್ಟು ಬೇರೆ ಯಾವುದಕ್ಕೂ ಹೋಗಬೇಡಿ. ಟಿಬಿ ಬ್ಯಾಕ್ಟೀರಿಯಾವನ್ನು ಬೆಳೆಸುವ ಕೆಲಸ ಅದಕ್ಕೆಂದೇ ಕಟ್ಟಿದ ಲ್ಯಾಬಿನದ್ದು, ನಮ್ಮ ಸಾಮಾನ್ಯ ಬೆಂಚಿನದ್ದಲ್ಲ. ಸ್ಮಿಯರ್ (ಕಫಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಪಾಸಿಟಿವ್ ಬಂದು, ಸಿಬಿನ್ಯಾಟ್ (ಟಿಬಿಯ ಡಿಎನ್‌ಎ ಹುಡುಕುವ ಪರೀಕ್ಷೆ) ನೆಗೆಟಿವ್ ಬಂದರೆ ಟಿಬಿಯ ಬಳಗದ್ದೇ ಆದ, ಆದರೆ ಟಿಬಿಯಲ್ಲದ ಮೈಕೋಬ್ಯಾಕ್ಟೀರಿಯಾ ಇರಬಹುದೇ ಅಂತ ಡಾಕ್ಟರಿಗೆ ಹೇಳಿ.

ಪ್ಲೇಟಿನ ಮುಂದೆ ಕೂತಾಗ

ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಹೊತ್ತು ಇದು. ಅವಸರ ಮಾಡಬೇಡಿ.

ಕಫ ಗಟ್ಟಿಯಾಗಿರುತ್ತದೆ. ಸಮ ಪ್ರಮಾಣದ ಡೈಥಯೋಥ್ರೈಟಾಲ್ ದ್ರಾವಣ ಸೇರಿಸಿ ಹದಿನೈದು ನಿಮಿಷ ಬಿಟ್ಟರೆ ಕರಗುತ್ತದೆ. ಬ್ಲಡ್ ಅಗಾರ್, ಮ್ಯಾಕಾಂಕಿ, ಸಾಧ್ಯವಿದ್ದರೆ ಸೆಟ್ರಿಮೈಡ್ ಎಂಬ ಆಹಾರ ಮಾಧ್ಯಮಗಳ ಪ್ಲೇಟುಗಳಲ್ಲಿ ಹಾಕಿ 37 ಡಿಗ್ರಿಯಲ್ಲಿ ಇಡಿ. ಜುಲೈ, ಆಗಸ್ಟಿನಲ್ಲಿ ಪ್ಲೇಟು ಬೆವರುತ್ತದೆ. ಮುಚ್ಚಳದ ಹನಿ ಅಗಾರಿನ ಮೇಲೆ ಬಿದ್ದರೆ ಕಾಲೊನಿಗಳು (ಒಂದೊಂದು ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆಗಳು) ಒಂದಕ್ಕೊಂದು ಹರಿದು ಸೇರಿಕೊಳ್ಳುತ್ತವೆ. ಆಮೇಲೆ ಯಾವುದು ಯಾವುದರಿಂದ ಬಂತೆಂದು ದೇವರಿಗೂ ಗೊತ್ತಾಗುವುದಿಲ್ಲ. ಹಾಕುವ ಮೊದಲು ಪ್ಲೇಟನ್ನು ಇನ್‌ಕ್ಯುಬೇಟರಿನಲ್ಲಿ ಒಣಗಿಸಿ, ಹಾಕಿದ ಮೇಲೆ ಬೋರಲಾಗಿ ಇಡಿ.

ಮರುದಿನ ಬೆಳಿಗ್ಗೆ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಆ ಬೆಳೆಗಾರರ ಪ್ಲೇಟು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಬದಿಯಲ್ಲಿ ಚಪ್ಪಟೆ ಕಾಲೊನಿಗಳು, ಅಂಚು ಹರಿದಂತೆ, ಸುತ್ತ ಅಗಾರಿಗೆ ನೀಲಿ ಬೆರೆತ ಹಸಿರು ಇಳಿದಿತ್ತು. ಆ ಬಣ್ಣ ಪಯೋಸಯನಿನ್. ಇನ್ನೊಂದು ಬದಿಯಲ್ಲಿ ಲೋಳೆಸರದ ಲೋಳೆಯ ಹಾಗೆ ಉಬ್ಬಿದ, ಲೂಪ್ (ತಂತಿಯ ಕುಣಿಕೆ) ಮುಟ್ಟಿಸಿದರೆ ನೂಲು ಎಳೆಯುವ ಕಾಲೊನಿಗಳು. ನಡುವೆ ಬಣ್ಣವೇ ಇಲ್ಲದ ಬೂದು ಕಾಲೊನಿ. ಎರಡನೇ ದಿನಕ್ಕೆ ಸೂಜಿಮೊನೆಯಷ್ಟು ಚಿಕ್ಕವೂ ನಾಲ್ಕು ಕಂಡವು. ನೋಡಿದವರು ಇದು ನಾಲ್ಕು ಬಗೆಯ ಬ್ಯಾಕ್ಟೀರಿಯಾ ಅನ್ನಬೇಕು. ಆದರೆ ನಾಲ್ಕೂ ಸ್ಯೂಡೋಮೊನಾಸ್ ಎರುಜಿನೋಸಾನೇ.

ವರ್ಷಗಟ್ಟಲೆ ಒಂದೇ ಶ್ವಾಸಕೋಶದಲ್ಲಿ ಉಳಿದ ಬ್ಯಾಕ್ಟೀರಿಯಾ ಕವಲೊಡೆಯುತ್ತದೆ. ಒಂದು ಮೂಲೆಯಲ್ಲಿ ಗಾಳಿ ಕಡಿಮೆ, ಇನ್ನೊಂದು ಮೂಲೆಗೆ ಔಷಧಿ ಜಾಸ್ತಿ ತಲುಪುತ್ತದೆ. ಒಂದೊಂದು ಕವಲೂ ತನ್ನ ಮೂಲೆಗೆ ಹೊಂದಿಕೊಳ್ಳುತ್ತದೆ. ಹಾಗಾಗಿ ಒಂದು ಕಾಲೊನಿ ಎತ್ತಿ ಇಡೀ ಎದೆಯ ಕಥೆ ಹೇಳಲು ಹೋಗಬೇಡಿ. ಕಣ್ಣಿಗೆ ಬೇರೆ ಕಂಡ ಪ್ರತಿ ಬಗೆಯಿಂದ ಒಂದೆರಡು, ಒಟ್ಟು ಐದಾರಾದರೂ ಕಾಲೊನಿ ಎತ್ತಿ. ಪ್ಲೇಟಿನ ಫೋಟೋ ತೆಗೆದು, ಯಾವುದನ್ನು ಎತ್ತಿದಿರೋ ಅದಕ್ಕೆ ಗುರುತು ಹಾಕಿ. ದುಡ್ಡು ಕಡಿಮೆ ಇದ್ದರೆ ರೋಗಿಗಳ ಸಂಖ್ಯೆ ಇಳಿಸಿ, ಒಬ್ಬರಿಂದ ಎತ್ತುವ ಕಾಲೊನಿ ಇಳಿಸಬೇಡಿ. ಹಳೆಯದೋ ಹೊಸದೋ ಅನ್ನುವ ಪ್ರಶ್ನೆಗೆ ಇದೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹೆಸರು ಖಚಿತ ಮಾಡಿಕೊಳ್ಳುವಾಗ ಒಂದು ಎಚ್ಚರಿಕೆ, ಇದು ನಮ್ಮ ಸೀಮೆಗೆ ಬಹಳ ಮುಖ್ಯ. ಗದ್ದೆಯ ಕೆಸರಿನಲ್ಲಿ ಬದುಕುವ ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲೈ ಎಂಬ ಬ್ಯಾಕ್ಟೀರಿಯಾ ಮೆಲಿಯಾಯ್ಡೋಸಿಸ್ ರೋಗ ತರುತ್ತದೆ. ಎಕ್ಸ್‌ರೇಯಲ್ಲಿ ಟಿಬಿಯ ಹಾಗೆ ಕಾಣುತ್ತದೆ, ಲ್ಯಾಬಿನಲ್ಲಿ ಎಷ್ಟೋ ಸಲ "ಸ್ಯೂಡೋಮೊನಾಸ್ ಜಾತಿ" ಅಂತ ಬರೆದು ಬಿಟ್ಟುಬಿಡುತ್ತಾರೆ. ಮಳೆಗಾಲ, ನಾಟಿ ಕೆಲಸ, ಸಕ್ಕರೆ ಕಾಯಿಲೆ ಈ ಮೂರೂ ಕೂಡಿದರೆ ಅನುಮಾನ ಇರಲಿ. ಆಕ್ಸಿಡೇಸ್ ಪರೀಕ್ಷೆ ಪಾಸಿಟಿವ್ ಬಂದು, ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್ ಎರಡಕ್ಕೂ ಬಗ್ಗದೆ, ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗಿದರೆ ಅಲ್ಲಿಗೇ ನಿಲ್ಲಿಸಿ. ಪ್ಲೇಟು ಮುಚ್ಚಿ ಸುರಕ್ಷತಾ ಕ್ಯಾಬಿನೆಟ್ಟಿಗೆ ಒಯ್ಯಿರಿ, ಹಿರಿಯರಿಗೆ ತಿಳಿಸಿ. ಸ್ಯೂಡೋಮೊನಾಸ್ ದ್ರಾಕ್ಷಿ ಹಣ್ಣಿನ ವಾಸನೆ ಬೀರುತ್ತದೆ ಎಂದು ಪುಸ್ತಕದಲ್ಲಿ ಓದಿರುತ್ತೀರಿ. ಅದನ್ನು ಪರೀಕ್ಷಿಸಲು ಪ್ಲೇಟನ್ನು ಮೂಗಿನ ಹತ್ತಿರ ಒಯ್ಯಲೇಬೇಡಿ. ಎರುಜಿನೋಸಾ 42 ಡಿಗ್ರಿಯಲ್ಲೂ ಬೆಳೆಯುತ್ತದೆ, ಪ್ರೋಟೀನ್ ನೋಡಿ ಬ್ಯಾಕ್ಟೀರಿಯಾ ಗುರುತಿಸುವ ಮಾಲ್ಡಿ ಯಂತ್ರವಿದ್ದರೆ ಹೆಸರು ಇನ್ನೂ ಬೇಗ ಸಿಗುತ್ತದೆ.

ಫ್ರೀಜರ್

ಶುದ್ಧ ಮಾಡಿದ ಪ್ರತಿ ಕಾಲೊನಿಯನ್ನು 15ರಿಂದ 20 ಶೇಕಡಾ ಗ್ಲಿಸರಾಲ್ ಇರುವ ಬ್ರಾತಿನಲ್ಲಿ (ದ್ರವ ಆಹಾರದಲ್ಲಿ) ಬೆರೆಸಿ ಎರಡು ಟ್ಯೂಬ್ ಮಾಡಿ, ಮೈನಸ್ 80 ಡಿಗ್ರಿಗೆ ಹಾಕಿ. ಎರಡೂ ಒಂದೇ ಫ್ರೀಜರಿನಲ್ಲಿ ಬೇಡ. ಒಂದು ಆಷಾಢದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಆಗ ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಫ್ರೀಜರನ್ನು ಜನರೇಟರ್ ಲೈನಿಗೆ ಸೇರಿಸಿರಲಿಲ್ಲ. ಎರಡು ವರ್ಷ ಒಂದೊಂದಾಗಿ ಕೂಡಿಟ್ಟ ಟ್ಯೂಬುಗಳು ಕರಗಿ ನೀರಾದವು. ಆ ರೋಗಿಗಳಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು, ಅವರ ಕಫ ಮತ್ತೆ ಎಲ್ಲಿಂದ ತರುವುದು? ಆ ದಿನದ ಸಂಕಟ ಇನ್ನೂ ಹೋಗಿಲ್ಲ.

ಪದೇ ಪದೇ ಪ್ಲೇಟಿನಿಂದ ಪ್ಲೇಟಿಗೆ ಬದಲಿಸುವುದೂ ಬೇಡ. ಪ್ಲೇಟಿನಲ್ಲೂ ಬ್ಯಾಕ್ಟೀರಿಯಾ ಬದಲಾಗುತ್ತದೆ. ಆ ಬದಲಾವಣೆಯನ್ನು ರೋಗಿಯ ಎದೆಯಲ್ಲಿ ಆದದ್ದು ಅಂತ ಓದಿಬಿಡುತ್ತೀರಿ.

ಡಿಎನ್‌ಎ ತೆಗೆದು ಓದಿಸುವುದು

ಕಿಟ್‌ನಲ್ಲಿರುವ ಸೂಚನೆ ಸಾಕು. ಒಂದು ಅಡಚಣೆ ಮಾತ್ರ ಹೇಳುತ್ತೇನೆ. ಲೋಳೆ ಕಾಲೊನಿಗಳ ಆಲ್ಜಿನೇಟ್ (ಆ ಲೋಳೆಯೇ) ಕಿಟ್‌ನ ಸೋಸುವ ಕಾಲಂಗೆ ಸಿಕ್ಕಿಕೊಂಡು ಡಿಎನ್‌ಎ ಇಳಿಯುವುದೇ ಇಲ್ಲ. ಜಾಸ್ತಿ ಬ್ಯಾಕ್ಟೀರಿಯಾ ಹಾಕಿದರೆ ಇನ್ನೂ ಕಷ್ಟ. ಕಡಿಮೆ ಹಾಕಿ, ಸಲೈನಿನಲ್ಲಿ ಎರಡು ಸಲ ತೊಳೆದು ತೆಗೆಯಿರಿ. ಪ್ರಮಾಣವನ್ನು ಕ್ಯೂಬಿಟ್ ಯಂತ್ರದಲ್ಲಿ ಅಳೆಯಿರಿ. ಶುದ್ಧತೆ ತೋರಿಸುವ 260/280 ಅನುಪಾತ 1.8ರ ಆಸುಪಾಸು ಇರಲಿ.

ಎಷ್ಟು ಓದಿಸಬೇಕು? ಸ್ಯೂಡೋಮೊನಾಸ್ ಎರುಜಿನೋಸಾದ ಪಿಎಒ1 ಎಂಬ ತಳಿಯ ಪೂರ್ತಿ ಜೀನೋಮ್ (ಅದರ ಇಡೀ ಡಿಎನ್‌ಎ) 2000ದಲ್ಲಿ ಪ್ರಕಟವಾಯಿತು. ಅದರಲ್ಲಿ ಎ, ಟಿ, ಜಿ, ಸಿ ಎಂಬ ಡಿಎನ್‌ಎ ಅಕ್ಷರಗಳು ಸುಮಾರು 63 ಲಕ್ಷ ಇವೆ. ಪ್ರತಿ ಅಕ್ಷರವನ್ನು ಸರಾಸರಿ 100 ಸಲ ಓದಿಸಬೇಕಾದರೆ ಒಂದು ಕಾಲೊನಿಗೆ 63 ಕೋಟಿ ಅಕ್ಷರದ ಡೇಟಾ ಬೇಕು. 50 ಸಲ ಓದಿದರೂ ಕೆಲಸ ನಡೆಯುತ್ತದೆ. ಸೀಕ್ವೆನ್ಸಿಂಗ್ ಕಂಪನಿಗೆ ಕಳಿಸುವಾಗ ಈ ಲೆಕ್ಕವನ್ನೇ ಹೇಳಿ. ಚಿಕ್ಕ ತುಣುಕು ಓದುವ ಇಲ್ಯುಮಿನಾ ಆದರೂ ಸರಿ, ಅಂಗೈಯಲ್ಲಿ ಹಿಡಿಯುವ ನ್ಯಾನೋಪೋರ್ ಮಿನ್‌ಅಯಾನ್ ಆದರೂ ಸರಿ. ಆದರೆ ಒಬ್ಬ ರೋಗಿಯ ಎಲ್ಲಾ ಕಾಲೊನಿಗಳನ್ನೂ ಒಂದೇ ವಿಧಾನದಲ್ಲಿ ಓದಿಸಿ. ಅರ್ಧ ಇದರಲ್ಲಿ, ಅರ್ಧ ಅದರಲ್ಲಿ ಓದಿಸಿದರೆ ಯಂತ್ರಗಳ ತಪ್ಪೇ ತಳಿಗಳ ವ್ಯತ್ಯಾಸದಂತೆ ಕಾಣುತ್ತದೆ.

ಕಂಪ್ಯೂಟರಿನ ಕೆಲಸ

ಕಮಾಂಡ್ ಬರೆಯಲು ಬರದಿದ್ದರೂ ಗ್ಯಾಲಕ್ಸಿ ಎಂಬ ಉಚಿತ ವೇದಿಕೆಯಲ್ಲಿ ಇದರ ಬಹುಪಾಲು ಮಾಡಬಹುದು. ಫಾಸ್ಟ್‌ಪಿ ಎಂಬ ತಂತ್ರಾಂಶ ಬಳಸಿ ಕೆಟ್ಟ ತುಣುಕು ತೆಗೆಯಿರಿ. ಓದಿನ ಗುಣಮಟ್ಟ ಕ್ಯೂ30 ಅಂದರೆ ಸಾವಿರ ಅಕ್ಷರಕ್ಕೆ ಒಂದು ತಪ್ಪು ಅಂತ ನೆನಪಿಟ್ಟುಕೊಳ್ಳಿ. ಕ್ರಾಕೆನ್‌ನಲ್ಲಿ ಬೇರೆ ಬ್ಯಾಕ್ಟೀರಿಯಾ ಬೆರೆತಿದೆಯಾ ನೋಡಿ. ಸ್ಪೇಡ್ಸ್‌ನಲ್ಲಿ ಜೀನೋಮ್ ಜೋಡಿಸಿ. ಜೋಡಿಸಿದ ಜೀನೋಮ್ 60ರಿಂದ 70 ಲಕ್ಷ ಅಕ್ಷರ ಇರಬೇಕು, ಜಿ ಮತ್ತು ಸಿ ಸೇರಿ ಸುಮಾರು 66 ಶೇಕಡಾ ಇರಬೇಕು. 1 ಕೋಟಿ 20 ಲಕ್ಷ ಬಂದರೆ ಎರಡು ಬ್ಯಾಕ್ಟೀರಿಯಾ ಬೆರೆತಿವೆ ಎಂದರ್ಥ. ಆ ಟ್ಯೂಬನ್ನು ಮತ್ತೆ ಶುದ್ಧ ಮಾಡಿ. ಸುಮ್ನೆ ಮುಂದೆ ಹೋಗಬೇಡಿ.

ಆಮೇಲೆ ಎಂಎಲ್‌ಎಸ್‌ಟಿ. ಇದು ಏಳು ಜೀನ್ ನೋಡಿ ತಳಿಗೆ ಒಂದು ನಂಬರ್ ಕೊಡುವ ಪದ್ಧತಿ. ನಂಬರ್ ಬೇರೆ ಇದ್ದರೆ ಮನೆತನವೇ ಬೇರೆ ಅಂತ ಹೆಚ್ಚುಕಮ್ಮಿ ಹೇಳಬಹುದು. ನಂಬರ್ ಒಂದೇ ಇದ್ದರೆ ಒಬ್ಬರಿಂದ ಒಬ್ಬರಿಗೆ ಹರಡಿತು ಅಂತ ಹೇಳಲು ಬರುವುದಿಲ್ಲ. ಎಸ್‌ಟಿ235 ಥರದ ತಳಿಗಳು ಜಗತ್ತಿನ ಎಲ್ಲ ಕಡೆ ಇವೆ.

ನಂಬರ್ ಒಂದೇ ಇದ್ದವರನ್ನು ಸ್ನಿಪ್ಪಿ ಎಂಬ ತಂತ್ರಾಂಶದಲ್ಲಿ ಅಕ್ಷರಕ್ಕೆ ಅಕ್ಷರ ಹೋಲಿಸಿ. ಒಂದು ಅಕ್ಷರ ಬದಲಾದರೆ ಅದಕ್ಕೆ ಒಂದು ಸ್ನಿಪ್ ಅನ್ನುತ್ತೇವೆ. ಹೋಲಿಕೆಗೆ ಪಿಎಒ1 ಬದಲು ಅದೇ ರೋಗಿಯ ಮೊದಲ ಕಾಲೊನಿಯ ಜೀನೋಮ್ ಇಟ್ಟುಕೊಂಡರೆ ಚೆನ್ನ. ವೈರಸ್ ಸೇರಿಕೊಂಡ ಭಾಗ, ಬೇರೆ ಬ್ಯಾಕ್ಟೀರಿಯಾದಿಂದ ಒಟ್ಟಿಗೆ ಬಂದ ತುಂಡು ಇವನ್ನು ಗಬ್ಬಿನ್ಸ್ ಬಳಸಿ ಬೇರ್ಪಡಿಸಿ. ಉಳಿದ ಸ್ನಿಪ್‌ಗಳಿಂದ ಐಕ್ಯೂ-ಟ್ರೀಯಲ್ಲಿ ವಂಶವೃಕ್ಷ ಬಿಡಿಸಿ.

ದೂರ ಓದುವುದು

ಲೆಕ್ಕ ಅರ್ಥವಾಗಲಿ ಅಂತ ಒಂದು ಉದಾಹರಣೆ ಮಾಡಿಕೊಳ್ಳೋಣ, ಇದು ಯಾರ ರಿಪೋರ್ಟೂ ಅಲ್ಲ. ಒಬ್ಬ ರೋಗಿಯ ಜೂನ್ ಕಫದಿಂದ ಎ, ಬಿ ಎಂಬ ಎರಡು ಕಾಲೊನಿ. ಡಿಸೆಂಬರ್ ಕಫದಿಂದ ಸಿ, ಡಿ, ಇ. ಮನೆಯ ನೆಬ್ಯುಲೈಸರಿನಿಂದ ಎನ್. ಎ ಮತ್ತು ಬಿ ನಡುವೆ 6 ಸ್ನಿಪ್. ಎ ಮತ್ತು ಸಿ ನಡುವೆ 9. ಬಿ ಮತ್ತು ಡಿ ನಡುವೆ 5. ಎ ಮತ್ತು ಇ ನಡುವೆ 140. ಎ ಮತ್ತು ಎನ್ ನಡುವೆ 24 ಸಾವಿರ.

ಎನ್ ವಿಷಯ ಸುಲಭ, ಅದು ಬೇರೆ ಮನೆತನ. ಸಂಬಂಧವಿಲ್ಲದ ತಳಿಗಳ ನಡುವೆ ಹೀಗೆ ಹತ್ತಾರು ಸಾವಿರ ವ್ಯತ್ಯಾಸ ಇರುತ್ತದೆ. ಈಗ ಎ, ಬಿ, ಸಿ, ಡಿ ನೋಡಿ. ಜೂನಿನ ಒಂದೇ ಡಬ್ಬಿಯಲ್ಲೇ 6 ಸ್ನಿಪ್ ವ್ಯತ್ಯಾಸ ಇತ್ತು. ಹಾಗಾದರೆ ಡಿಸೆಂಬರಿನ 9, 5 ದೊಡ್ಡದಲ್ಲ. ಸಿ ಎನ್ನುವುದು ಎ ಕವಲಿನದ್ದು, ಡಿ ಎನ್ನುವುದು ಬಿ ಕವಲಿನದ್ದು. ಎರಡೂ ಕವಲು ಆರು ತಿಂಗಳು ಅಲ್ಲೇ ಉಳಿದಿವೆ. ಹಳೆಯದೇ.

ಇ ಮಾತ್ರ 140 ದೂರ. ಜೂನಿನಲ್ಲಿ ಎ ಒಂದನ್ನೇ, ಡಿಸೆಂಬರಿನಲ್ಲಿ ಇ ಒಂದನ್ನೇ ಎತ್ತಿದ್ದರೆ "ಹೊಸ ಸೋಂಕು" ಅಂತ ಬರೆದುಬಿಡುತ್ತಿದ್ದಿರಿ. ಇಂಥ ಕಡೆ ಮ್ಯೂಟ್‌ಎಸ್ ಜೀನ್ ನೋಡಿ. ಇದು ಡಿಎನ್‌ಎ ನಕಲಿನ ತಪ್ಪು ತಿದ್ದುವ ಜೀನ್. ಇದು ಕೆಟ್ಟರೆ ತಪ್ಪುಗಳು ಉಳಿದುಕೊಂಡು ಸ್ನಿಪ್ ರಾಶಿಯಾಗಿ ಬೀಳುತ್ತವೆ. ಡಿಎನ್‌ಎ ಅಕ್ಷರಗಳಲ್ಲಿ ಎ ಇದ್ದಲ್ಲಿ ಜಿ, ಸಿ ಇದ್ದಲ್ಲಿ ಟಿ ಥರದ ಅದಲುಬದಲೇ (ಇಲ್ಲಿ ಎ, ಸಿ ಕಾಲೊನಿಯ ಹೆಸರಲ್ಲ) ಹೆಚ್ಚಿರುತ್ತದೆ. ದೀರ್ಘಕಾಲದ ಸೋಂಕಿನಲ್ಲಿ ಇಂಥ ಕವಲು ಅಪರೂಪವಲ್ಲ. ಇ ಕವಲಿನಲ್ಲಿ ಮ್ಯೂಟ್‌ಎಸ್ ಮುರಿದಿದ್ದು, ವೃಕ್ಷದಲ್ಲಿ ಅದು ಎ ಗುಂಪಿನೊಳಗಿಂದಲೇ ಉದ್ದಕ್ಕೆ ಚಾಚಿದ್ದರೆ ಅದೂ ಹಳೆಯದೇ.

ಹಾಗಾಗಿ "ಇಷ್ಟು ಸ್ನಿಪ್ ಮೀರಿದರೆ ಬೇರೆ" ಎಂಬ ಒಂದೇ ಗೆರೆ ಇಲ್ಲಿ ನಡೆಯುವುದಿಲ್ಲ. ಟಿಬಿಯಲ್ಲಿ 5ರೊಳಗೆ ಇದ್ದರೆ ಇತ್ತೀಚಿನ ಹರಡುವಿಕೆ ಇರಬಹುದು, 12 ಮೀರಿದರೆ ಅದು ಅನುಮಾನ ಎಂಬ ಗೆರೆ ಬಳಕೆಯಲ್ಲಿದೆ. ಟಿಬಿ ಬ್ಯಾಕ್ಟೀರಿಯಾ ಬಹಳ ನಿಧಾನ, ವರ್ಷಕ್ಕೆ ಅರ್ಧ ಸ್ನಿಪ್ ಬದಲಾಗುವುದೂ ಜಾಸ್ತಿ. ಆ ಗೆರೆಯನ್ನು ಸ್ಯೂಡೋಮೊನಾಸ್‌ಗೆ ತಂದು ಹಚ್ಚಬೇಡಿ. ನಿಮ್ಮ ರೋಗಿಯ ಒಂದೇ ಡಬ್ಬಿಯೊಳಗೆ ಎಷ್ಟು ವ್ಯತ್ಯಾಸ ಇದೆಯೋ ಅದೇ ನಿಮ್ಮ ಮೊದಲ ಅಳತೆಗೋಲು.

ವೃಕ್ಷ ದಿಕ್ಕನ್ನೂ ಹೇಳುವುದಿಲ್ಲ. ಇಬ್ಬರ ತಳಿ ಹತ್ತಿರ ಬಂತು ಅಂದರೆ ಇವರಿಂದ ಅವರಿಗೆ ಬಂತೋ, ಅವರಿಂದ ಇವರಿಗೋ, ಇಬ್ಬರಿಗೂ ಒಂದೇ ಸಿಂಕಿನಿಂದ ಬಂತೋ ಗೊತ್ತಾಗದು. ಯಾವ ದಿನ ಯಾರು ಯಾವ ಹಾಸಿಗೆಯಲ್ಲಿದ್ದರು ಎಂಬ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಓದಿ. "ಯಾರಿಂದ ಬಂತು" ಎಂಬ ಮಾತು ಊರಿನಲ್ಲಿ ಒಂದು ಮನೆಯ ನೆಮ್ಮದಿ ಕೆಡಿಸುತ್ತದೆ.

ಔಷಧಿಯ ಜೀನ್‌ಗಳು

ಒಂದು ಮಗುವಿನ ಸ್ಯೂಡೋಮೊನಾಸ್‌ನ್ನು 6 ತಿಂಗಳ ವಯಸ್ಸಿನಲ್ಲೂ 8 ವರ್ಷದಲ್ಲೂ ಓದಿ ಹೋಲಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ನಡುವೆ 68 ಬದಲಾವಣೆ ಆಗಿದ್ದವು. ಮೊದಮೊದಲು ದಾಳಿ ಮಾಡಲು ಬೇಕಿದ್ದ ಆಯುಧಗಳಲ್ಲಿ ಹಲವನ್ನು ಅದು ಬಿಟ್ಟುಕೊಟ್ಟಿತ್ತು. ನಿಮ್ಮ ಡೇಟಾದಲ್ಲೂ ಇದೇ ದಾರಿ ಕಾಣುತ್ತದೆ. ಮ್ಯೂಕ್‌ಎ ಎಂಬ ಜೀನ್ ಮುರಿದರೆ ಲೋಳೆ ಕಾಲೊನಿ. ಲಾಸ್‌ಆರ್ ಮುರಿದರೆ ಒಂದಕ್ಕೊಂದು ಸಂದೇಶ ಕಳಿಸುವುದು ತಪ್ಪುತ್ತದೆ. ಮೆಕ್ಸ್‌ಜೆಡ್ ಮುರಿದರೆ ಔಷಧಿ ಹೊರದಬ್ಬುವ ಪಂಪು ಜೋರಾಗಿ ಟೋಬ್ರಾಮೈಸಿನ್, ಅಮಿಕಾಸಿನ್ ಮೇಲೆ ಪರಿಣಾಮ. ಒಪ್ರ್‌ಡಿ ಬಾಗಿಲು ಮುಚ್ಚಿದರೆ ಇಮಿಪೆನೆಮ್ ಒಳಗೆ ಹೋಗದು. ಜೈರ್‌ಎ ಬದಲಾದರೆ ಸಿಪ್ರೊಫ್ಲಾಕ್ಸಸಿನ್ ಸೋಲುತ್ತದೆ.

ಇವನ್ನು ನೋಡಿಯೇ ಔಷಧಿ ಬದಲಿಸಿ ಅಂತ ಬರೆಯಬೇಡಿ. ಈ ಬ್ಯಾಕ್ಟೀರಿಯಾ ಔಷಧಿಗೆ ಒಡ್ಡುವ ಪ್ರತಿರೋಧವು ಜೀನ್ ಇದೆಯೋ ಇಲ್ಲವೋ ಎಂಬುದಷ್ಟೇ ಅಲ್ಲ, ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಅನ್ನುವುದರ ಮೇಲೂ ನಿಂತಿದೆ. ಪ್ರತಿ ಬಗೆಯ ಕಾಲೊನಿಗೂ ಔಷಧಿ ಪರೀಕ್ಷೆಯನ್ನು ಪ್ಲೇಟಿನ ಮೇಲೆ ಮಾಡಿ, ಅದರ ಪಕ್ಕದಲ್ಲಿ ಜೀನ್ ವಿವರ ಇಡಿ.

ರಿಪೋರ್ಟ್

ಡಾಕ್ಟರಿಗೆ ವೃಕ್ಷದ ಚಿತ್ರ ಕಳಿಸಿ ಸುಮ್ಮನಾಗಬೇಡಿ. ಮೊದಲ ಎರಡು ಸಾಲಿನಲ್ಲಿ ಉತ್ತರ ಇರಲಿ: ಹಳೆಯದೋ, ಹೊಸದೋ, ಹೇಳಲು ಬರುವುದಿಲ್ಲವೋ. ಎಷ್ಟು ಕಾಲೊನಿ ನೋಡಿದಿರಿ, ಯಾವ ತಿಂಗಳಿನವು, ಯಾವ ಕವಲು ಯಾವ ಔಷಧಿಗೆ ಬಗ್ಗುತ್ತಿಲ್ಲ ಅಂತ ಕೆಳಗೆ ಬರೆಯಿರಿ. ಡೇಟಾ ಹಂಚಿಕೊಳ್ಳುವುದಾದರೆ ಫರಿದಾಬಾದಿನ ಇಂಡಿಯನ್ ಬಯಾಲಜಿಕಲ್ ಡೇಟಾ ಸೆಂಟರ್ ಇದೆ. ಏರಿಸುವ ಮೊದಲು ಮನುಷ್ಯನ ಡಿಎನ್‌ಎ ತುಣುಕೇನಾದರೂ ಉಳಿದಿದ್ದರೆ ತೆಗೆದುಹಾಕಿ.

ಆ ಬೆಳೆಗಾರರ ಉತ್ತರ "ಹಳೆಯದೇ" ಅಂತ ಬಂತು. ನೆಬ್ಯುಲೈಸರಿನಲ್ಲಿ ಸಿಕ್ಕಿದ್ದು ಬೇರೆಯೇ ತಳಿ. ಅವರ ಹೆಂಡತಿ ಕೇಳಿದರು: "ಹಂಗಾದ್ರೆ ಆ ಮಿಷನ್ನಿಂದ ಏನೂ ತೊಂದ್ರೆ ಇಲ್ಲ ಅಲ್ವಾ ಮೇಡಂ?" ಈ ಸಲ ಅದರಿಂದ ಬಂದಿಲ್ಲ, ಮುಂದೆ ಬರಬಾರದು ಅಂದೆ. ಬಳಸಿದ ಪ್ರತಿ ಸಲ ಕಪ್ಪನ್ನೂ ಮೌತ್‌ಪೀಸನ್ನೂ ಸೋಪಿನಲ್ಲಿ ತೊಳೆದು, ಐದು ನಿಮಿಷ ಕುದಿಸಿ, ಪೂರ್ತಿ ಆರಲು ಬಿಡಬೇಕು, ಔಷಧಿಗೆ ಅಬ್ಬಿ ನೀರು ಬೆರೆಸಬಾರದು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಮಳೆಗಾಲದಲ್ಲಿ ಆರುವುದಿಲ್ಲವಲ್ಲ ಅಂದರು. ಒಲೆಯ ಮೇಲೆ ಬೇಡ, ಹೊಗೆ ತಾಗುತ್ತದೆ, ಶುಭ್ರವಾದ ಬಟ್ಟೆಯ ಮೇಲೆ ಫ್ಯಾನಿನ ಕೆಳಗೆ ಇಡಿ ಅಂದೆ. ಮುಂದಿನ ಕಫದ ಡಬ್ಬಿ ಮಾರ್ಚಿನಲ್ಲಿ.